ಪಿಪಿಎಫ್, ಸುಕನ್ಯಾ ಖಾತೆ: ಅಂಚೆ ಕಚೇರಿಯಲ್ಲೇ ಬಿಡುವುದೋ, ಬ್ಯಾಂಕಿಗೆ ತರುವುದೋ?

ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಯನ್ನು ಎಲ್ಲಿಂದ ಎಲ್ಲಿಗೆ ಒಯ್ದರೂ ಬಡ್ಡಿ ಒಂದು ಪೈಸೆಯೂ ಹೆಚ್ಚಾಗುವುದಿಲ್ಲ. ದರ ಗೊತ್ತುಮಾಡುವುದು ಕೇಂದ್ರ ಹಣಕಾಸು ಸಚಿವಾಲಯ, ಮೂರು ತಿಂಗಳಿಗೊಮ್ಮೆ. 2020ರ ಏಪ್ರಿಲ್‌ನಲ್ಲಿ ಶೇ 7.1ಕ್ಕೆ ಇಳಿದದ್ದು ವರ್ಷಗಟ್ಟಲೆ ಅಲ್ಲೇ ನಿಂತಿದೆ. ಹೆಣ್ಣುಮಕ್ಕಳ ಹೆಸರಿನ ಉಳಿತಾಯ ಯೋಜನೆಯಾದ ಸುಕನ್ಯಾ ಸಮೃದ್ಧಿಗೆ 2024ರ ಜನವರಿಯಲ್ಲಿ ಶೇ 8.2 ಮಾಡಿದರು. ದಾವಣಗೆರೆಯ ಪ್ರಧಾನ ಅಂಚೆ ಕಚೇರಿಯಲ್ಲಿ ಎಷ್ಟೋ ಪಿ.ಜೆ. ಬಡಾವಣೆಯ ಖಾಸಗಿ ಬ್ಯಾಂಕಿನಲ್ಲೂ ಅಷ್ಟೇ. "ನಮ್ಮಲ್ಲಿಗೆ ತನ್ನಿ ಸರ್, ಇನ್ನೂ ಒಳ್ಳೆ ರಿಟರ್ನ್ ಬರುತ್ತೆ" ಎಂದು ಯಾರಾದರೂ ಹೇಳಿದರೆ ಅವರು ಮಾತಾಡುತ್ತಿರುವುದು ಬೇರೆ ಯಾವುದೋ ಸ್ಕೀಮಿನ ಬಗ್ಗೆ.

ತೆರಿಗೆಯ ವಿಚಾರದಲ್ಲೂ ವ್ಯತ್ಯಾಸವಿಲ್ಲ. ಹಳೆಯ ತೆರಿಗೆ ಪದ್ಧತಿ ಹಿಡಿದವರಿಗೆ ಕಟ್ಟಿದ ಹಣಕ್ಕೂ ವಿನಾಯಿತಿ ಉಂಟು. ಹೊಸ ಪದ್ಧತಿಗೆ ಹೋದವರಿಗೆ ಅದಿಲ್ಲ, ಆದರೆ ಬಡ್ಡಿ ಮತ್ತು ಅವಧಿ ಮುಗಿದಾಗ ಬರುವ ಹಣ ಇಬ್ಬರಿಗೂ ತೆರಿಗೆಮುಕ್ತ. ವರ್ಗಾವಣೆಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಮೊತ್ತ ನಿಮ್ಮ ಆದಾಯವೂ ಅಲ್ಲ, ಈ ವರ್ಷ ನೀವು ಕಟ್ಟಿದ ಹಣವೂ ಅಲ್ಲ.

ಹಾಗಾದರೆ ಹೋಲಿಸಬೇಕಾದ್ದು ಮೂರೇ: ಹಣ ಕಟ್ಟಲು ಎಲ್ಲಿ ಸಲೀಸು, ಹಣ ತೆಗೆಯುವ ದಿನ ಯಾರ ಕೌಂಟರಿನ ಮುಂದೆ ನಿಲ್ಲಬೇಕು, ಮತ್ತು ಸಾಗುವಾಗ ಖಾತೆಯ ವಯಸ್ಸು ಕಳೆದುಹೋಗದಂತೆ ನೋಡಿಕೊಳ್ಳುವವರು ಯಾರು. ಮೂರನೆಯದನ್ನು ಯಾರೂ ಕೇಳುವುದಿಲ್ಲ. ವರ್ಗಾವಣೆಯಲ್ಲಿ ಹಣ ಕಾಣೆಯಾಗುವುದು ತೀರ ಅಪರೂಪ, ಕಾಣೆಯಾಗುವುದು ಖಾತೆಯ ಇತಿಹಾಸ.

ಖಾತೆಯ ವಯಸ್ಸು ಎಂದರೇನು

ಪಿಪಿಎಫ್‌ನ 15 ವರ್ಷ ಎಣಿಸುವುದು ಖಾತೆ ತೆರೆದ ಹಣಕಾಸು ವರ್ಷದ ಕೊನೆಯಿಂದ. 2014ರ ಜುಲೈ 12ಕ್ಕೆ ತೆರೆದ ಖಾತೆಗೆ 2015ರ ಮಾರ್ಚ್ 31ರಿಂದ ಎಣಿಕೆ. 2030ರ ಏಪ್ರಿಲ್ 1ಕ್ಕೆ ಅದು ಮಾಗುತ್ತದೆ. ಇದೇ ಖಾತೆ 2025ರ ಆಗಸ್ಟ್‌ನಲ್ಲಿ ಬ್ಯಾಂಕಿಗೆ ಬಂತು ಎನ್ನಿ. ಅಲ್ಲಿ ಕಂಪ್ಯೂಟರಿಗೆ ಏರಿಸುವವರು 'ಖಾತೆ ತೆರೆದ ದಿನಾಂಕ' ಎಂಬ ಜಾಗದಲ್ಲಿ ಅವತ್ತಿನ ತಾರೀಖನ್ನೇ ಬಿಟ್ಟುಬಿಟ್ಟರೆ ಅವಧಿ 2041ರ ಏಪ್ರಿಲ್‌ಗೆ ಜಿಗಿಯುತ್ತದೆ. ಹಣ ಪೂರಾ ಇದೆ, ಬಡ್ಡಿಯೂ ಬೀಳುತ್ತಿದೆ, ಆದರೆ ಹನ್ನೊಂದು ವರ್ಷ ಹೆಚ್ಚಿಗೆ ಬೀಗ ಬಿದ್ದಿದೆ. ಸೈಟು ಕೊಳ್ಳಲೆಂದೋ ಮಗಳ ಮದುವೆಗೆಂದೋ ಫಾರಂ ಹಿಡಿದು ಹೋದ ದಿನವೇ ಇದು ಬಯಲಾಗುವುದು.

ಅರ್ಧದಲ್ಲಿ ತೆಗೆಯುವ ಹಣವೂ ಇದಕ್ಕೇ ಕಟ್ಟುಬಿದ್ದಿದೆ. ಖಾತೆ ತೆರೆದ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ತೆಗೆಯಬಹುದು. ಮಿತಿ ಇಷ್ಟು: ಹಿಂದಿನ ವರ್ಷದ ಕೊನೆಯ ಬ್ಯಾಲೆನ್ಸು, ಅಥವಾ ನಾಲ್ಕು ವರ್ಷದ ಹಿಂದಿನ ವರ್ಷಾಂತ್ಯದ ಬ್ಯಾಲೆನ್ಸು, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಅರ್ಧ. ಹಳೆಯ ಕಚೇರಿಯಿಂದ ಬರೀ ಒಟ್ಟು ಮೊತ್ತದ ಡಿ.ಡಿ. (ಡಿಮ್ಯಾಂಡ್ ಡ್ರಾಫ್ಟ್) ಬಂದು ವರ್ಷವಾರು ಲೆಕ್ಕ ಬರದಿದ್ದರೆ ಹೊಸ ಬ್ಯಾಂಕು ಈ ಅರ್ಧವನ್ನು ಯಾವುದರ ಮೇಲೆ ಲೆಕ್ಕ ಹಾಕಬೇಕು?

ಆದ್ದರಿಂದ ಕೆಳಗಿನ ದಾರಿಗಳಲ್ಲಿ ಯಾವುದನ್ನು ಹಿಡಿದರೂ ಮೊದಲ ಕೆಲಸ ಒಂದೇ. ಪಾಸ್‌ಬುಕ್ಕಿಗೆ ಕೊನೆಯ ಮಾರ್ಚ್ 31ರ ಬಡ್ಡಿವರೆಗೆ ಎಂಟ್ರಿ ಹಾಕಿಸಿ, ಮೊದಲ ಪುಟದಿಂದ ಕೊನೆಯವರೆಗೆ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಕೈಬರಹದ ಕಾಲದ ಹಳೆಯ ಪಾಸ್‌ಬುಕ್ ಬೇರೆ ಇದ್ದರೆ ಅದನ್ನೂ. ಮೂಲ ಪಾಸ್‌ಬುಕ್ ಅರ್ಜಿಯ ಜೊತೆ ಹೋಗಿಬಿಡುತ್ತದೆ, ಆಮೇಲೆ ನಿಮ್ಮ ಕೈಯಲ್ಲಿ ಉಳಿಯುವ ಸಾಕ್ಷಿ ಈ ಜೆರಾಕ್ಸ್ ಮಾತ್ರ.

ಇದ್ದಲ್ಲೇ ಬಿಡುವುದು

"ಪ್ರತಿ ಸಲ ಪೋಸ್ಟ್ ಆಫೀಸಿನ ಕ್ಯೂನಲ್ಲಿ ನಿಲ್ಲೋಕಾಗಲ್ಲ" ಎಂಬ ಒಂದೇ ಕಾರಣಕ್ಕೆ ಖಾತೆ ವರ್ಗಾಯಿಸಲು ಹೊರಡುವವರು ಬಹಳ. ಅಷ್ಟಕ್ಕೆ ವರ್ಗಾವಣೆ ಬೇಕಿಲ್ಲ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದರೆ ಅದರ ಆ್ಯಪ್‌ನಿಂದಲೇ ಅಂಚೆಯ ಪಿಪಿಎಫ್‌ಗೂ ಸುಕನ್ಯಾ ಖಾತೆಗೂ ಕಟ್ಟಬಹುದು. ಸಂಬಳ ಬರುವ ಬ್ಯಾಂಕಿನಿಂದ ಆ ಖಾತೆಗೆ ಹಣ ಕಳಿಸಿ, ಅಲ್ಲಿಂದ ಪಿಪಿಎಫ್‌ಗೆ ಹಾಕಿದರೆ ಆಯಿತು. ಅಂಚೆ ಉಳಿತಾಯ ಖಾತೆ ಇದ್ದವರಿಗೆ ಅಂಚೆ ಇಲಾಖೆಯ ನೆಟ್‌ಬ್ಯಾಂಕಿಂಗ್ ಕೂಡ ಉಂಟು.

ಚಳ್ಳಕೆರೆಯಲ್ಲಿ ಖಾತೆ ಮಾಡಿ ಈಗ ಬೆಂಗಳೂರಿನಲ್ಲಿರುವವರಿಗೂ ಇದು ಸಾಕು. ಅವಧಿ ಮುಗಿಯಲು ಇನ್ನು ಎರಡು ಮೂರು ವರ್ಷ ಮಾತ್ರ ಉಳಿದಿದ್ದರೆ ನಾವು ಹೇಳುವುದು ಇದನ್ನೇ: ಬಿಡಿ, ಅಲ್ಲೇ ಮಾಗಲಿ. ವರ್ಗಾವಣೆಯ ತಪ್ಪು ಸರಿಪಡಿಸಲು ಹಿಡಿಯುವ ಕಾಲ ಆ ಎರಡು ವರ್ಷವನ್ನೇ ತಿಂದುಬಿಡಬಹುದು.

ಅದೇ ಸಂಸ್ಥೆಯೊಳಗೆ ಶಾಖೆ ಬದಲಿಸುವುದು

ಇದು ಎಲ್ಲಕ್ಕಿಂತ ಸುಲಭ. ಹೊಸದುರ್ಗದ ಅಂಚೆ ಕಚೇರಿಯಿಂದ ಚಿತ್ರದುರ್ಗದ ಪ್ರಧಾನ ಕಚೇರಿಗೆ, ಅಥವಾ ಒಂದೇ ಬ್ಯಾಂಕಿನ ಜಗಳೂರು ಶಾಖೆಯಿಂದ ದಾವಣಗೆರೆ ಶಾಖೆಗೆ. ಎಲ್ಲವೂ ಒಂದೇ ಕಂಪ್ಯೂಟರ್ ಜಾಲದಲ್ಲಿ ಇರುವುದರಿಂದ ಡಿ.ಡಿ. ಓಡಾಡುವುದಿಲ್ಲ, ವರ್ಷವಾರು ಲೆಕ್ಕ ಹಾಗೇ ಉಳಿಯುತ್ತದೆ. ಅಂಚೆಯಲ್ಲಿ ಎಸ್‌ಬಿ-10(ಬಿ) ಎಂಬ ಫಾರಂ ಕೊಟ್ಟರೆ ಮುಗಿಯಿತು.

ನಮ್ಮ ಕಡೆ ಇನ್ನೊಂದು ಬಗೆಯವರಿದ್ದಾರೆ: ಅರ್ಜಿಯೇ ಕೊಡದೆ ಖಾತೆ ವರ್ಗವಾದವರು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐನಲ್ಲಿ ಸೇರಿತು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾಕ್ಕೆ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ. ಆ ಹಳೆಯ ಹೆಸರಿನ ಪಿಪಿಎಫ್ ಪಾಸ್‌ಬುಕ್ ಇನ್ನೂ ಬೀರುವಿನಲ್ಲಿದ್ದರೆ ಅದನ್ನು ತೆಗೆದುಕೊಂಡು ಒಮ್ಮೆ ಶಾಖೆಗೆ ಹೋಗಿ. ತೆರೆದ ದಿನಾಂಕ, ಅವಧಿ ಮುಗಿಯುವ ದಿನಾಂಕ, ನಾಮಿನಿ ಹೆಸರು ಈ ಮೂರು ಹೊಸ ಕಂಪ್ಯೂಟರಿನಲ್ಲಿ ಸರಿಯಾಗಿವೆಯೇ ಎಂದು ಪರದೆ ನೋಡಿಸಿಕೊಂಡೇ ಬನ್ನಿ.

ಅಂಚೆಯಿಂದ ಬ್ಯಾಂಕಿಗೆ: ನಿಧಾನದ ದಾರಿ

ಹೆಚ್ಚಿನ ತೊಡಕು ಇರುವುದು ಇಲ್ಲೇ, ಯಾಕೆಂದರೆ ಎರಡೂ ಕಡೆಯ ಕಂಪ್ಯೂಟರ್ ಒಂದಕ್ಕೊಂದು ಮಾತಾಡುವುದಿಲ್ಲ. ಕಾಗದಗಳು ಲಕೋಟೆಯಲ್ಲಿ ಹೋಗುತ್ತವೆ, ಹಣ ಚೆಕ್ಕು ಅಥವಾ ಡಿ.ಡಿ.ಯಲ್ಲಿ.

ಶುರು ಮಾಡಬೇಕಾದ್ದು ಬ್ಯಾಂಕಿನಿಂದ, ಅಂಚೆಯಿಂದ ಅಲ್ಲ. ಎಲ್ಲ ಬ್ಯಾಂಕಿಗೂ ಪಿಪಿಎಫ್ ನಡೆಸುವ ಅಧಿಕಾರವಿಲ್ಲ. ಪಟ್ಟಣದ ಸಹಕಾರಿ ಬ್ಯಾಂಕುಗಳಿಗೆ ಇಲ್ಲ. ಎಸ್‌ಬಿಐ, ಕೆನರಾ, ಯೂನಿಯನ್, ಬರೋಡಾ, ಎಚ್‌ಡಿಎಫ್‌ಸಿ, ಐಸಿಐಸಿಐ, ಆಕ್ಸಿಸ್ ಬ್ಯಾಂಕುಗಳಿಗೆ ಇದೆ. ಆದರೂ ನಿಮ್ಮ ಮನೆಯ ಹತ್ತಿರದ ಶಾಖೆ ಈ ಕೆಲಸ ಮಾಡುತ್ತದೆಯೇ ಎಂದು ಕೇಳಿಯೇ ಮುಂದುವರಿಯಿರಿ. ಹೀಗೆ ಕೇಳಿ: "ಪೋಸ್ಟ್ ಆಫೀಸಿನಿಂದ ಬರುವ ಪಿಪಿಎಫ್ ಈ ಶಾಖೆಯಲ್ಲಿ ಮಾಡಿದ್ದೀರಾ? ಹಣ ತೆಗೆಯುವಾಗ ಇಲ್ಲೇ ಆಗುತ್ತಾ?" ಮೊದಲ ಪ್ರಶ್ನೆಗೆ ತಡವರಿಸಿದರೆ ಬೇರೆ ಶಾಖೆ ನೋಡಿ.

ಆ ಶಾಖೆಯಲ್ಲಿ ನಿಮ್ಮದೊಂದು ಉಳಿತಾಯ ಖಾತೆ ಇರಲಿ, ಕೆವೈಸಿ ಹೊಸದಾಗಿರಲಿ. ಶಾಖೆಯ ಪೂರ್ತಿ ಹೆಸರು, ಕೋಡ್, ವಿಳಾಸ, ಪಿನ್‌ಕೋಡ್ ಬರೆದುಕೊಳ್ಳಿ. ದಾವಣಗೆರೆಯಲ್ಲಿ ಒಂದೇ ಬ್ಯಾಂಕಿಗೆ ಹಲವು ಶಾಖೆಗಳಿರುತ್ತವೆ. ಅರ್ಜಿಯಲ್ಲಿ ಬರೀ 'ದಾವಣಗೆರೆ ಶಾಖೆ' ಎಂದು ಬರೆದರೆ ಲಕೋಟೆ ಮುಖ್ಯ ಶಾಖೆಗೆ ಹೋಗಿ ಕೂರುತ್ತದೆ. ನೀವು ವಿದ್ಯಾನಗರದ ಶಾಖೆಯಲ್ಲಿ ವಿಚಾರಿಸುತ್ತ ಇರುತ್ತೀರಿ, ಅವರು "ಬಂದಿಲ್ಲ" ಎನ್ನುತ್ತ ಇರುತ್ತಾರೆ. ಇಬ್ಬರ ಮಾತೂ ನಿಜವೇ.

ಆಮೇಲೆ ಅಂಚೆ ಕಚೇರಿ. ಎಸ್‌ಬಿ-10(ಬಿ) ಫಾರಂ, ಮೂಲ ಪಾಸ್‌ಬುಕ್, ಆಧಾರ್ ಮತ್ತು ಪಾನ್ ಜೆರಾಕ್ಸ್, 100 ರೂಪಾಯಿ ಶುಲ್ಕ, ಅದರ ಮೇಲೆ ತೆರಿಗೆ. ಹಳ್ಳಿಯ ಬ್ರಾಂಚ್ ಪೋಸ್ಟ್ ಆಫೀಸಿನಲ್ಲಿ ಮಾಡಿದ ಖಾತೆಯಾದರೆ ಮೂಲ ಕಾಗದಗಳು ಅದರ ಮೇಲಿನ ಕಚೇರಿಯಲ್ಲಿರುತ್ತವೆ, ಅಲ್ಲಿಗೇ ಹೋಗುವುದು ವಾಸಿ. ಅರ್ಜಿಯ ಎರಡನೇ ಪ್ರತಿಯ ಮೇಲೆ ತಾರೀಖಿನ ಮುದ್ರೆ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.

ಇಲ್ಲಿ ಹೆಚ್ಚಾಗಿ ಕೆಲಸ ನಿಲ್ಲುವುದು ಸಹಿಯ ಮೇಲೆ. ಹನ್ನೆರಡು ವರ್ಷದ ಹಿಂದೆ ಕನ್ನಡದಲ್ಲಿ ಪೂರ್ತಿ ಹೆಸರು ಬರೆದು ಸಹಿ ಮಾಡಿದವರು ಈಗ ಇಂಗ್ಲಿಷಿನಲ್ಲಿ ಎರಡು ಗೀಚು ಹಾಕುತ್ತಾರೆ. ತಾಳೆಯಾಗುವುದಿಲ್ಲ. ಸಹಿ ಬದಲಾಗಿದ್ದರೆ ಮೊದಲು ಅದನ್ನು ಸರಿಪಡಿಸಿಕೊಂಡು, ನಂತರ ವರ್ಗಾವಣೆಯ ಅರ್ಜಿ ಕೊಡಿ. ಎರಡನ್ನೂ ಒಂದೇ ದಿನ ಕೊಟ್ಟರೆ ಎರಡೂ ನಿಲ್ಲುತ್ತವೆ.

ಎರಡನೆಯದು ವಿಳಾಸ, ಅದು ನಮ್ಮ ಜಿಲ್ಲೆಗಳದ್ದೇ ವಿಶೇಷ ತಾಪತ್ರಯ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಮಾಡಿಸಿ, ಐದೈದು ವರ್ಷ ಮುಂದುವರಿಸಿಕೊಂಡು ಬಂದ ಪಿಪಿಎಫ್‌ಗಳಲ್ಲಿ ಹರಿಹರ, ಜಗಳೂರಿನವರ ವಿಳಾಸ ಚಿತ್ರದುರ್ಗ ಜಿಲ್ಲೆ ಎಂದಿರುತ್ತದೆ, ಚನ್ನಗಿರಿ, ಹೊನ್ನಾಳಿಯವರದ್ದು ಶಿವಮೊಗ್ಗ ಎಂದು. ಹರಪನಹಳ್ಳಿಯವರ ಪಾಡು ಇನ್ನೂ ಕಷ್ಟ. ಬಳ್ಳಾರಿಯಲ್ಲಿದ್ದು, 1997ರಲ್ಲಿ ದಾವಣಗೆರೆಗೆ ಬಂದು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. 2015ರಲ್ಲಿ ತೆರೆದ ಸುಕನ್ಯಾ ಖಾತೆಯಲ್ಲಿ ಒಂದು ಜಿಲ್ಲೆ, ಆಧಾರ್‌ನಲ್ಲಿ ಇನ್ನೊಂದು. ಅದೇ ಮನೆ, ಅದೇ ಬೀದಿ ಎಂದು ಕೌಂಟರಿನಲ್ಲಿ ವಾದಿಸಿ ಉಪಯೋಗವಿಲ್ಲ. ಈಗಿನ ಆಧಾರ್ ಕೊಟ್ಟು ಅಂಚೆಯಲ್ಲಿ ವಿಳಾಸ ತಿದ್ದಿಸಿಕೊಂಡು ಹೊರಡಿ, ಬ್ಯಾಂಕಿನ ಕಡೆ ಪ್ರಶ್ನೆ ಏಳುವುದಿಲ್ಲ.

ಅಂಚೆ ಕಚೇರಿ ಬ್ಯಾಂಕಿಗೆ ಕಳಿಸಬೇಕಾದವು: ಖಾತೆ ತೆರೆದ ಮೂಲ ಫಾರಂ, ಮಾದರಿ ಸಹಿ, ನಾಮಿನಿ ಫಾರಂ, ಖಾತೆಯ ದೃಢೀಕೃತ ಲೆಕ್ಕ, ಮತ್ತು ಪೂರ್ತಿ ಬ್ಯಾಲೆನ್ಸಿನ ಚೆಕ್ಕು ಅಥವಾ ಡಿ.ಡಿ. ಸ್ಪೀಡ್ ಪೋಸ್ಟ್ ನಂಬರು ಕೇಳಿ ಬರೆದುಕೊಳ್ಳಿ. ಆ ನಂಬರಿದ್ದರೆ "ಬಂದಿಲ್ಲ" ಎನ್ನುವ ಶಾಖೆಗೆ ಯಾವ ದಿನ, ಯಾರು ಪಡೆದರು ಎಂದು ತೋರಿಸಬಹುದು. ಡಿ.ಡಿ.ಯ ಆಯುಷ್ಯ ಮೂರು ತಿಂಗಳು ಎಂಬುದೂ ನೆನಪಿರಲಿ. ಲಕೋಟೆ ಯಾರದೋ ಮೇಜಿನಲ್ಲಿ ಅಷ್ಟು ದಿನ ಕೂತರೆ ಡಿ.ಡಿ. ವಾಪಸು ಹೋಗಿ ಹೊಸದಾಗಿ ಬರಬೇಕು. ಅರ್ಜಿ ಕೊಟ್ಟ ಹತ್ತನೇ ದಿನದಿಂದಲೇ ವಾರಕ್ಕೊಮ್ಮೆ ವಿಚಾರಿಸುವುದು ಅತಿಯಲ್ಲ.

ಬ್ಯಾಂಕಿಗೆ ತಲುಪಿದ ಮೇಲೆ ಅಲ್ಲಿ ಹೊಸದಾಗಿ ಖಾತೆ ತೆರೆಯುವ ಫಾರಂ-1, ನಾಮಿನಿ ವಿವರ, ಫೋಟೊ, ಪಾನ್, ಆಧಾರ್ ಕೊಡಬೇಕು. ಫಾರಂ ಹೊಸದು, ಖಾತೆ ಹಳೆಯದು. ಇದನ್ನು ಬಾಯಲ್ಲೂ ಹೇಳಿ, ಫಾರಂ ಮೇಲೂ ಬರೆಯಿರಿ: 'ಅಂಚೆ ಕಚೇರಿಯಿಂದ ವರ್ಗಾವಣೆ, ಮೂಲ ಖಾತೆ ತೆರೆದ ದಿನಾಂಕ ಇಂಥದ್ದು'. ಬಂದ ಮೊತ್ತವನ್ನು 'ವರ್ಗಾವಣೆ ಜಮಾ' ಎಂದೇ ನಮೂದಿಸಬೇಕು, ಈ ವರ್ಷದ ಕಟ್ಟುಹಣ ಎಂದಲ್ಲ. ನಾಮಿನಿ ತಾನಾಗಿ ಬರುತ್ತದೆ ಎಂದು ನಂಬಬೇಡಿ, ಹೊಸ ಪಾಸ್‌ಬುಕ್ಕಿನಲ್ಲಿ ಹೆಸರು ಅಚ್ಚಾಗಿದೆಯೇ ನೋಡಿ. ಪಿಪಿಎಫ್ ನಾಮಿನಿ ಬದಲಿಸಲು ಇದ್ದ 50 ರೂಪಾಯಿ ಶುಲ್ಕವನ್ನು 2025ರ ಏಪ್ರಿಲ್‌ನಲ್ಲಿ ತೆಗೆದುಹಾಕಿದ್ದಾರೆ, ಆ ನೆಪವೂ ಉಳಿದಿಲ್ಲ.

ಬಡ್ಡಿ ತಪ್ಪುವುದು ಎಲ್ಲಿ

ನಿಯಮ ಸರಳ: ಮಾರ್ಚ್ 31ರಂದು ಖಾತೆ ಎಲ್ಲಿದೆಯೋ ಅವರೇ ಇಡೀ ವರ್ಷದ ಬಡ್ಡಿ ಜಮಾ ಮಾಡಬೇಕು, ಹಳೆಯ ಕಚೇರಿಯಲ್ಲಿದ್ದ ತಿಂಗಳುಗಳನ್ನೂ ಸೇರಿಸಿ. ತಿಂಗಳ ಬಡ್ಡಿ ಲೆಕ್ಕವಾಗುವುದು 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಬ್ಯಾಲೆನ್ಸಿನ ಮೇಲೆ.

ಏಪ್ರಿಲ್ 1ಕ್ಕೆ ಖಾತೆಯಲ್ಲಿ 6,00,000 ರೂಪಾಯಿ ಇತ್ತು, ಆ ವರ್ಷ ಮತ್ತೇನೂ ಕಟ್ಟಿಲ್ಲ ಎಂದುಕೊಳ್ಳಿ. ಶೇ 7.1ರಂತೆ ತಿಂಗಳಿಗೆ 3,550, ವರ್ಷಕ್ಕೆ 42,600 ರೂಪಾಯಿ ಬರಬೇಕು. ಬ್ಯಾಂಕಿನಲ್ಲಿ ಆಗಸ್ಟ್ 20ಕ್ಕೆ ಹಣ ಜಮಾ ಆಯಿತು. ಬ್ಯಾಂಕಿನ ಕಂಪ್ಯೂಟರಿಗೆ ಗೊತ್ತಿರುವುದು ಆ ದಿನದಿಂದ ಈಚೆಗಷ್ಟೇ. ಆಗಸ್ಟ್ 5 ದಾಟಿದ್ದರಿಂದ ಆಗಸ್ಟ್ ತಿಂಗಳೂ ಹೋಯಿತು. ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಏಳು ತಿಂಗಳಿಗೆ 24,850 ಬಿದ್ದಿರುತ್ತದೆ. ಉಳಿದ 17,750 ರೂಪಾಯಿ ಯಾರೂ ಕೊಟ್ಟಿಲ್ಲ. ಮುಂದಿನ ವರ್ಷಗಳಲ್ಲಿ ಅದರ ಮೇಲಿನ ಬಡ್ಡಿಯೂ ಇಲ್ಲ. ಏಪ್ರಿಲ್‌ನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿ ಈ ಒಂದು ಗುಣಾಕಾರ ಮಾಡಿ ನೋಡುವವರು ಕಡಿಮೆ, ಅದಕ್ಕೇ ಈ ತಪ್ಪು ಹಾಗೇ ಉಳಿದುಬಿಡುತ್ತದೆ. ಕೇಳಿದರೆ ಸರಿಮಾಡಿಕೊಡಲೇಬೇಕು. ಲಿಖಿತ ಅರ್ಜಿಯ ಜೊತೆ ಅಂಚೆ ಪಾಸ್‌ಬುಕ್ಕಿನ ಜೆರಾಕ್ಸ್ ಲಗತ್ತಿಸಿ.

ಯಾವ ತಿಂಗಳು ಒಳ್ಳೆಯದು? ಏಪ್ರಿಲ್ ಎರಡನೇ ವಾರದಿಂದ ಜುಲೈವರೆಗೆ. ಹಿಂದಿನ ವರ್ಷದ ಬಡ್ಡಿ ಅಷ್ಟರಲ್ಲಿ ಏರಿರುತ್ತದೆ. ಆ ವರ್ಷ ಕಟ್ಟುವುದನ್ನು ಏಪ್ರಿಲ್ 5ರೊಳಗೆ ಹಳೆಯ ಕಚೇರಿಯಲ್ಲೇ ಕಟ್ಟಿ ಮುಗಿಸಿ. 1,50,000 ರೂಪಾಯಿ ಕಟ್ಟುವವರಿಗೆ ಒಂದು ತಿಂಗಳ ತಡಕ್ಕೆ 887 ರೂಪಾಯಿ 50 ಪೈಸೆ ನಷ್ಟ, ಅದಕ್ಕಿಂತ ಹೆಚ್ಚಾಗಿ ಖಾತೆ ದಾರಿಯಲ್ಲಿರುವಾಗ ಯಾವ ಕಡೆಯೂ ಕಟ್ಟಿಸಿಕೊಳ್ಳುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ವರ್ಗಾವಣೆ ಬೇಡವೇ ಬೇಡ. ವರ್ಷಕ್ಕೆ ಕನಿಷ್ಠ 500 ಕಟ್ಟದೆ ಮಾರ್ಚ್ ದಾಟಿದರೆ ಖಾತೆ ನಿಷ್ಕ್ರಿಯವಾಗುತ್ತದೆ.

ಈಗಾಗಲೇ ನಿಷ್ಕ್ರಿಯವಾದ ಖಾತೆಯನ್ನು ಮೊದಲು ಎಬ್ಬಿಸಿ, ಆಮೇಲೆ ಸಾಗಿಸಿ. ಬಿಟ್ಟ ಪ್ರತಿ ವರ್ಷಕ್ಕೆ 500 ಮತ್ತು ದಂಡ 50. ನಾಲ್ಕು ವರ್ಷಕ್ಕೆ 2,200 ರೂಪಾಯಿ, ಜೊತೆಗೆ ಈ ವರ್ಷದ್ದು.

ಬ್ಯಾಂಕಿನಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಅಂಚೆಗೆ

ಕ್ರಮ ಮೇಲಿನದೇ, ಅರ್ಜಿ ಮಾತ್ರ ಹಳೆಯ ಬ್ಯಾಂಕಿನಲ್ಲಿ. ಅನುಕೂಲವೆಂದರೆ ಹಳೆಯ ಬ್ಯಾಂಕಿನ ನೆಟ್‌ಬ್ಯಾಂಕಿಂಗ್‌ನಿಂದ ವರ್ಷವಾರು ಸ್ಟೇಟ್‌ಮೆಂಟ್ ನೀವೇ ಇಳಿಸಿಕೊಳ್ಳಬಹುದು. ಅರ್ಜಿ ಕೊಡುವ ಮುಂಚೆಯೇ ಇಳಿಸಿಕೊಳ್ಳಿ, ಖಾತೆ ಮುಚ್ಚಿದ ಮೇಲೆ ಪರದೆಯಲ್ಲಿ ಕಾಣದೇ ಹೋಗಬಹುದು. ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಏರ್ಪಾಡು ಇದ್ದರೆ ಅದನ್ನೂ ನಿಲ್ಲಿಸಿ.

ಬ್ಯಾಂಕಿನಿಂದ ಅಂಚೆಗೆ ತರುವುದು ಒಂದೇ ಸಂದರ್ಭದಲ್ಲಿ ಸರಿ ಎನಿಸುತ್ತದೆ: ನಿವೃತ್ತಿಯಾಗಿ ಊರಿಗೆ ಮರಳಿದವರಿಗೆ, ಹತ್ತಿರದಲ್ಲಿ ಪಿಪಿಎಫ್ ನಡೆಸುವ ಬ್ಯಾಂಕ್ ಶಾಖೆ ಇಲ್ಲದೆ ಅಂಚೆ ಕಚೇರಿ ಮಾತ್ರ ಇದ್ದಾಗ.

ಒಟ್ಟು ಅವಧಿಯ ಲೆಕ್ಕದಲ್ಲಿ ನಮ್ಮ ಅಭಿಪ್ರಾಯ ಹೇಳಬೇಕೆಂದರೆ, ಐದು ವರ್ಷಕ್ಕಿಂತ ಹೆಚ್ಚು ಉಳಿದಿದ್ದು, ನಿಮ್ಮ ಸಂಬಳ ಅಥವಾ ಪಿಂಚಣಿ ಬರುವ ಬ್ಯಾಂಕಿನಲ್ಲೇ ಪಿಪಿಎಫ್ ಸೌಲಭ್ಯವಿದ್ದರೆ ಅಂಚೆಯಿಂದ ಅಲ್ಲಿಗೆ ತರುವುದು ಆ ಶ್ರಮಕ್ಕೆ ತಕ್ಕುದು. ಒಂದು ಬ್ಯಾಂಕಿನ ಆ್ಯಪ್ ಇನ್ನೊಂದಕ್ಕಿಂತ ಚೆನ್ನಾಗಿದೆ ಎಂಬ ಕಾರಣಕ್ಕೆ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವುದು ತಕ್ಕುದಲ್ಲ.

ಆ್ಯಪ್‌ನಲ್ಲಿ ಹೊಸ ಪಿಪಿಎಫ್ ತೆರೆಯಬೇಡಿ

ವರ್ಗಾವಣೆ ತಡವಾಯಿತೆಂದು ಬ್ಯಾಂಕಿನ ಆ್ಯಪ್‌ನಲ್ಲಿ ಎರಡು ನಿಮಿಷದಲ್ಲಿ ಹೊಸ ಪಿಪಿಎಫ್ ತೆರೆದು, "ಹಳೆಯದು ಬಂದ ಮೇಲೆ ಇದಕ್ಕೆ ಸೇರಿಸಿದರಾಯಿತು" ಎಂದುಕೊಳ್ಳುವುದು ದೊಡ್ಡ ತಪ್ಪು. ಒಬ್ಬರ ಹೆಸರಲ್ಲಿ ಒಂದೇ ಪಿಪಿಎಫ್ ಖಾತೆ ಇರಬೇಕು. ಎರಡಿದ್ದರೆ ಏನು ಮಾಡಬೇಕೆಂದು ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಸೂಚನೆ ಅದೇ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಒಂದನ್ನು ಮುಖ್ಯ ಖಾತೆ ಎಂದು ಆರಿಸಬೇಕು, ಎರಡನೆಯದನ್ನು ವರ್ಷದ ಮಿತಿಗೆ ಒಳಪಟ್ಟು ಅದರಲ್ಲಿ ಸೇರಿಸುತ್ತಾರೆ, ಮಿತಿ ಮೀರಿದ ಹಣ ಬಡ್ಡಿಯಿಲ್ಲದೆ ಹಿಂದಿರುಗುತ್ತದೆ. ಮೂರನೆಯದಿದ್ದರೆ ತೆರೆದ ದಿನದಿಂದಲೇ ಬಡ್ಡಿ ಶೂನ್ಯ.

ಹಳೆಯದನ್ನು ಮುಚ್ಚಿ ಹೊಸದು ಮಾಡುವ ಯೋಚನೆಯೂ ಬೇಡ. ಅವಧಿಗೆ ಮೊದಲು ಮುಚ್ಚಲು ಐದು ವರ್ಷ ಕಳೆದಿರಬೇಕು. ಅದೂ ಮಾರಕ ಕಾಯಿಲೆಯ ಚಿಕಿತ್ಸೆ, ಉನ್ನತ ಶಿಕ್ಷಣ, ವಿದೇಶಿ ನಿವಾಸಿಯಾಗುವುದು ಇಂಥ ಕಾರಣಕ್ಕೆ ಮಾತ್ರ, ಬಡ್ಡಿ ಶೇ 1 ಕಡಿತವಾಗಿ.

15 ವರ್ಷ ಮುಗಿಸಿದವರು ಗಮನಿಸಬೇಕಾದ್ದು ಫಾರಂ-4. ಹಣ ಕಟ್ಟುತ್ತ ಮುಂದುವರಿಸುವುದಾದರೆ ಅವಧಿ ಮುಗಿದ ಒಂದು ವರ್ಷದೊಳಗೆ ಅದನ್ನು ಕೊಡಬೇಕು. ಖಾತೆ ಸಾಗುತ್ತಿರುವಾಗ ಈ ಗಡುವು ಬಂದರೆ, ಇಬ್ಬರೂ "ಅಲ್ಲಿ ಕೊಡಿ" ಎನ್ನುತ್ತಾರೆ. ಫಾರಂ-4 ಕೊಡದೆ ಕಟ್ಟಿದ ಹಣಕ್ಕೆ ಬಡ್ಡಿಯಿಲ್ಲ. ಹಳೆಯ ಕಚೇರಿಯಲ್ಲೇ ಕೊಟ್ಟು, ಪಾಸ್‌ಬುಕ್ಕಿನಲ್ಲಿ ಬರೆಸಿಕೊಂಡು ಹೊರಡಿ.

ಸುಕನ್ಯಾ ಖಾತೆಯಾದರೆ

ಕಾಗದಗಳು ಹೆಚ್ಚು ಕಡಿಮೆ ಅವೇ. ಮಗುವಿನ ಜನನ ಪ್ರಮಾಣಪತ್ರ, ಪೋಷಕರ ಆಧಾರ್, ಪಾನ್ ಸೇರಿಸಿಕೊಳ್ಳಿ. ಇಲ್ಲಿ ತೆರೆದ ದಿನಾಂಕ ಇನ್ನೂ ನಾಜೂಕಿನದು: ಹಣ ಕಟ್ಟುವ 15 ವರ್ಷವೂ, ಮಾಗುವ 21 ವರ್ಷವೂ ತೆರೆದ ದಿನದಿಂದಲೇ ಎಣಿಕೆ. ಅಜ್ಜ ಅಜ್ಜಿ ತೆರೆದ ಖಾತೆಯಾಗಿದ್ದರೆ ಮೊದಲು ತಂದೆ ಅಥವಾ ತಾಯಿಯ ಹೆಸರಿಗೆ ಪೋಷಕತ್ವ ಬದಲಿಸಬೇಕು.

ಮಗಳಿಗೆ 18 ತುಂಬಿದ ಮೇಲೆ ಅಥವಾ ಹತ್ತನೇ ತರಗತಿ ಮುಗಿದ ಮೇಲೆ, ಓದಿಗೆಂದು ಹಿಂದಿನ ವರ್ಷಾಂತ್ಯದ ಬ್ಯಾಲೆನ್ಸಿನ ಅರ್ಧದವರೆಗೆ ತೆಗೆಯಬಹುದು. ಕಾಲೇಜಿನ ಪ್ರವೇಶಪತ್ರ, ಶುಲ್ಕದ ಚೀಟಿ ತೋರಿಸಬೇಕು. ಪಿಯುಸಿ ಫಲಿತಾಂಶ ಬಂದು, ಇಂಜಿನಿಯರಿಂಗೋ ಮೆಡಿಕಲ್ಲೋ ಸೀಟಿಗೆ ಕಾಯುತ್ತಿರುವ ತಿಂಗಳುಗಳಲ್ಲಿ ಖಾತೆ ವರ್ಗಾವಣೆಗೆ ಕೈಹಾಕಬೇಡಿ. ಶುಲ್ಕ ಕಟ್ಟುವ ಕೊನೆಯ ದಿನ ನಿಮ್ಮ ಹಣ ಲಕೋಟೆಯೊಳಗಿರುತ್ತದೆ. ಹಣ ತೆಗೆದು, ಶುಲ್ಕ ಕಟ್ಟಿ, ಮಿಕ್ಕದ್ದನ್ನು ನಿಧಾನವಾಗಿ ಸಾಗಿಸಿ. ಪಿಪಿಎಫ್ ಸಾಲ ಬಾಕಿ ಇದ್ದವರಿಗೂ ಇದೇ ಮಾತು: ತೀರಿಸಿ ಹೊರಡಿ.

ಕೆಲಸ ನಿಂತುಹೋದರೆ

ಮೊದಲು ಯಾರ ಬಳಿ ನಿಂತಿದೆ ಎಂದು ಗೊತ್ತುಮಾಡಿಕೊಳ್ಳಿ. ಸ್ಪೀಡ್ ಪೋಸ್ಟ್ ಹೊರಟಿಲ್ಲವೆಂದರೆ ಅಂಚೆಯ ಕಡೆ. ಪೋಸ್ಟ್ ಮಾಸ್ಟರಿಗೆ ಲಿಖಿತವಾಗಿ ಕೊಡಿ, 1800 266 6868ಕ್ಕೆ ಅಥವಾ ಕೇಂದ್ರದ ಸಿಪಿಗ್ರಾಮ್ಸ್ ಜಾಲತಾಣದಲ್ಲಿ ದೂರು ದಾಖಲಿಸಿ. ಲಕೋಟೆ ತಲುಪಿಯೂ ಖಾತೆ ಏರಿಲ್ಲವೆಂದರೆ ಬ್ಯಾಂಕಿನ ಕಡೆ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಸಹಾಯವಾಣಿ 14448, ದೂರಿಗೆ ಶುಲ್ಕವಿಲ್ಲ. ದೂರಿನ ಜೊತೆ ಮುದ್ರೆ ಬಿದ್ದ ಅರ್ಜಿಯ ಪ್ರತಿ, ಸ್ಪೀಡ್ ಪೋಸ್ಟ್ ನಂಬರು, ಹಳೆಯ ಪಾಸ್‌ಬುಕ್ಕಿನ ಮೊದಲ ಮತ್ತು ಕೊನೆಯ ಪುಟದ ಜೆರಾಕ್ಸ್ ಇರಲಿ. ಬಡ್ಡಿ ಕಡಿಮೆ ಬಿದ್ದಿದೆ ಎಂಬ ದೂರಾದರೆ ತಿಂಗಳವಾರು ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿ. ಎಷ್ಟು ಬರಬೇಕಿತ್ತು, ಎಷ್ಟು ಬಿದ್ದಿದೆ, ಯಾವ ತಿಂಗಳುಗಳದ್ದು ಬಾಕಿ ಎಂದು ಅಂಕಿಯಲ್ಲಿ ತೋರಿಸಿದ ಅರ್ಜಿಯನ್ನು ಪಕ್ಕಕ್ಕಿಡುವುದು ಯಾವ ಅಧಿಕಾರಿಗೂ ಸುಲಭವಲ್ಲ.